ಲೀಗುಗಳ ಆಯುರ್ದಾಯ

ಜ್ಯೋತಿಶ್ಶಾಸ್ತ್ರದಲ್ಲಿ ಆಯುರ್ದಾಯವೆಂಬುದೊಂದು ಪ್ರಕರಣವುಂಟು. ಹುಟ್ಟಿದ ಶಿಶು ಎಷ್ಟು ಕಾಲ ಬಾಳೀತೆಂಬುದನ್ನು ಗ್ರಹಬಲದಿಂದ ನಿರ್ಣಯಿಸತಕ್ಕ ಭಾಗವದು. ಮನುಷ್ಯರ ವಿಷಯದಲ್ಲಿ ಆ ಗಣಿತವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಚರ್ಚೆ ಇಲ್ಲಿ ಬೇಡ. ಆದರೆ ಈಚಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ವೃತ್ತಿಕ್ರೀಡೆಯ ಲೀಗುಗಳನ್ನು ನೋಡಿದವರಿಗೆ ಅಂಥದೊಂದು ಗಣಿತವಿದ್ದಿದ್ದರೆ ಚೆನ್ನಾಗಿತ್ತೆಂದು ತೋರದಿರದು. ಕೆಲವು ಹುಟ್ಟಿದ ವರ್ಷವೇ ಅಳಿದುವು. ಕೆಲವು ನಾಲ್ಕೈದು ವರ್ಷ ನಡೆದು ಸದ್ದಿಲ್ಲದೆ ನಿಂತುವು. ಒಂದೆರಡು ಮಾತ್ರ ಬೇರೂರಿದುವು. ಅಳಿದವುಗಳ ಪೈಕಿ ಒಂದರಲ್ಲಿ ನಮ್ಮ ದಾವಣಗೆರೆಯ ಹೆಸರೂ ಇದ್ದಿತಾದ್ದರಿಂದ, ಈ ಪತ್ರಿಕೆಯ ವಾಚಕರಿಗೆ ವಿಷಯವು ಅಪ್ರಸ್ತುತವಾಗಲಾರದು.

ಲೀಗು ಎಂಬುದಕ್ಕೆ ಕನ್ನಡದಲ್ಲಿ ಒಪ್ಪುವ ಮಾತು ಇನ್ನೂ ನೆಲೆಗೊಂಡಿಲ್ಲ. ಇಂಗ್ಲಿಷಿನ ಶಬ್ದವನ್ನೇ ಉಕಾರಾಂತ ಮಾಡಿಕೊಂಡಿದ್ದೇವೆ. ಗೊತ್ತಾದ ತಂಡಗಳು ಮೊದಲೇ ನಿಶ್ಚಯಿಸಿದ ದಿನಗಳಲ್ಲಿ ಒಂದರೊಡನೊಂದು ಸರದಿಯಂತೆ ಆಡಿ, ಅಂಕಗಳನ್ನು ಕೂಡಿಸಿ ಮೇಲುಕೀಳನ್ನು ನಿರ್ಣಯಿಸುವ ಏರ್ಪಾಡು ಅದು. ಒಂದು ಸೋಲಿಗೆ ಹೊರಬೀಳುವ ಪಂದ್ಯಾವಳಿಗೂ ಇದಕ್ಕೂ ಭೇದವೇನೆಂದರೆ, ಇಲ್ಲಿ ಸೋತವನಿಗೂ ಮುಂದಿನ ವಾರ ಕೆಲಸವುಂಟು. ಆಟಗಾರನಿಗೆ ಸಂಬಳ, ಪ್ರೇಕ್ಷಕನಿಗೆ ಅಭ್ಯಾಸ: ಈ ಎರಡೂ ಈ ಕ್ರಮದಿಂದಲೇ ಸಾಧ್ಯವಾಗುತ್ತವೆ.

ಆಡಿ ಹೊಟ್ಟೆ ಹೊರೆಯುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಪ್ರತ್ಯೇಕ ಪ್ರಕರಣವಿದೆ. ಮಲ್ಲರನ್ನು ವರ್ಗಗಳಾಗಿ ವಿಂಗಡಿಸುವುದು, ಅವರ ಆಹಾರ, ಅವರ ಅಭ್ಯಾಸ ಎಲ್ಲವೂ ಅಲ್ಲಿ ರಾಜಕಾರ್ಯವಾಗಿಯೇ ಹೇಳಲ್ಪಟ್ಟಿವೆ. ಆ ಮಲ್ಲನ ಅನ್ನವು ಅರಮನೆಯ ಉಗ್ರಾಣದಿಂದ ಬರುತ್ತಿದ್ದಿತು. ನೋಡುವವರು ಹತ್ತು ಮಂದಿಯಾದರೂ ಹತ್ತು ಸಾವಿರವಾದರೂ ಅದು ನಿಲ್ಲುತ್ತಿರಲಿಲ್ಲ. ನಮ್ಮೂರ ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಆ ಪದ್ಧತಿಯ ಎಳೆಯೊಂದು ಈಗಲೂ ಉಳಿದಿದೆ. ಅಲ್ಲಿ ಪೋಷಕನು ರಾಜನಲ್ಲ, ಊರು. ಕಣವು ನಡೆಯುವುದು ಟಿಕೆಟಿನಿಂದಲ್ಲ, ದೇವಿಯ ಹೆಸರಿನಿಂದ. ಇದಕ್ಕಿಂತ ಭಿನ್ನವಾದುದು ನಾಟಕ ಕಂಪನಿಯ ಮಾರ್ಗ. ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿಯನ್ನು ಕಂಡ ಊರು ನಮ್ಮದು. ಒಂದೂರಿನಲ್ಲಿ ಟೆಂಟು ಹಾಕುವುದು, ಗಲ್ಲಾಪೆಟ್ಟಿಗೆ ತುಂಬುವವರೆಗೆ ಇರುವುದು, ಬರಿದಾಗುತ್ತ ಬಂದರೆ ಪರದೆ ಸುತ್ತಿ ಮುಂದಿನೂರಿಗೆ ಹೊರಡುವುದು. ಲೀಗಿಗೆ ಈ ಎರಡು ಅನುಕೂಲಗಳೂ ಇಲ್ಲ. ಅದಕ್ಕೆ ಉಗ್ರಾಣವಿಲ್ಲ, ಊರಿನ ಹೆಸರನ್ನು ಹಣೆಗೆ ಹಚ್ಚಿಕೊಂಡ ಮೇಲೆ ಪರದೆ ಸುತ್ತಿಕೊಂಡು ಹೊರಡುವಂತೆಯೂ ಇಲ್ಲ.

ಲೀಗಿನ ಜನ್ಮವೃತ್ತಾಂತವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಏಕೆಂದರೆ ಈಗ ನಡೆಯುತ್ತಿರುವುದೆಲ್ಲ ಅಲ್ಲಿ ಒಮ್ಮೆ ನಡೆದುಹೋಗಿದೆ. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರು 1871ರಲ್ಲಿ ತಮ್ಮದೇ ಒಂದು ವೃತ್ತಿಸಂಘವನ್ನು ಕಟ್ಟಿದರು. ಅದು 1875ರವರೆಗೆ ಮಾತ್ರ ಬಾಳಿತು. ಯಾವ ತಂಡ ಬೇಕಾದರೂ ಸೇರಬಹುದು, ಬೇಸರವಾದರೆ ನಡುವೆಯೇ ಬಿಡಬಹುದು. ಜೂಜುಗಾರರು ಮೈದಾನದ ಅಂಚಿನಲ್ಲಿಯೇ ಕುಳಿತಿರುತ್ತಿದ್ದರು. 1876ರಲ್ಲಿ ಶಿಕಾಗೋ ನಗರದ ವಿಲಿಯಂ ಹಲ್ಬರ್ಟ್ ಎಂಬಾತನು ನ್ಯಾಷನಲ್ ಲೀಗನ್ನು ಸ್ಥಾಪಿಸಿದನು. ಒಂದೂರಿಗೆ ಒಂದೇ ತಂಡ. ಆ ಊರಿನಲ್ಲಿ 75,000 ಜನರಾದರೂ ಇರಬೇಕು. ಗೊತ್ತುಮಾಡಿದ ಪಂದ್ಯವನ್ನು ಆಡಿಯೇ ತೀರಬೇಕು. ಮೊದಲ ವರ್ಷವೇ ನ್ಯೂಯಾರ್ಕಿನ ತಂಡವೂ ಫಿಲಡೆಲ್ಫಿಯಾದ ತಂಡವೂ ಖರ್ಚಿಗೆ ಹೆದರಿ ಪಶ್ಚಿಮದ ಊರುಗಳಿಗೆ ಆಡಲು ಹೋಗಲಿಲ್ಲ. ಹಲ್ಬರ್ಟನು ದೇಶದ ಆ ಎರಡು ಮಹಾನಗರಗಳ ತಂಡಗಳನ್ನೇ ಹೊರಗಟ್ಟಿದನು. ಮರುವರ್ಷ, ಹಣ ತೆಗೆದುಕೊಂಡು ಸೋತ ಲೂಯಿವಿಲ್‌ನ ನಾಲ್ವರು ಆಟಗಾರರಿಗೆ ಆಜೀವ ಬಹಿಷ್ಕಾರ ವಿಧಿಸಲ್ಪಟ್ಟಿತು. ಹುಟ್ಟಿ ಎರಡು ವರ್ಷವೂ ತುಂಬದ ಸಂಸ್ಥೆಗೆ ಇದು ಆತ್ಮಹತ್ಯೆಯಂತೆ ಕಂಡಿರಬೇಕು. ಆ ಲೀಗು ಇಂದಿಗೂ ನಡೆಯುತ್ತಿದೆ.

ಇಂಗ್ಲೆಂಡಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಕಾಲ್ಚೆಂಡಿನ ಆಟದಲ್ಲಿ ಸಂಬಳ ಪಡೆಯುವುದನ್ನು ಅಲ್ಲಿ 1885ರಲ್ಲಿ ಒಪ್ಪಿದರು. ಸಂಬಳವು ವಾರವಾರವೂ ಕೊಡಬೇಕಾದುದು. ಪಂದ್ಯಗಳಾದರೋ ಬೇಕಾದಾಗ ನಡೆದು ಬೇಡವಾದಾಗ ರದ್ದಾಗುತ್ತಿದ್ದುವು. ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ವಿಲಿಯಂ ಮೆಕ್‌ಗ್ರೆಗರ್ ಎಂಬ ಸ್ಕಾಟ್ಲೆಂಡಿನವನು ಇದನ್ನು ಕಂಡು, 1888ರ ಮಾರ್ಚ್ ತಿಂಗಳಲ್ಲಿ ಕೆಲವು ಕ್ಲಬ್ಬುಗಳಿಗೆ ಪತ್ರ ಬರೆದನು. (ಬಟ್ಟೆ ವ್ಯಾಪಾರಿಗೆ ಇದು ತೋಚಿದುದರಲ್ಲಿ ದಾವಣಗೆರೆಯವರಿಗೆ ಆಶ್ಚರ್ಯವಾಗಲಾರದು, ನಿಶ್ಚಿತವಾದ ಸಂತೆಯ ದಿನದ ಬೆಲೆ ಅಂಗಡಿಯವನಿಗಲ್ಲದೆ ಯಾರಿಗೆ ಗೊತ್ತು!) ಹನ್ನೆರಡು ಕ್ಲಬ್ಬುಗಳು ಸೇರಿದುವು: ಆರು ಲ್ಯಾಂಕಷೈರಿನ ಗಿರಣಿ ಸೀಮೆಯವು, ಆರು ಮಧ್ಯದೇಶದವು. ಬಹುಮಟ್ಟಿಗೆ ಎಲ್ಲವೂ ಕಾರ್ಖಾನೆಯ ಊರುಗಳು, ರೈಲಿನಿಂದ ಸಂಬಂಧಿಸಿದವು, ಶನಿವಾರ ಮಧ್ಯಾಹ್ನ ಕೂಲಿಕಾರರಿಗೆ ಬಿಡುವಿದ್ದ ಊರುಗಳು. ಲಂಡನ್ನಿನದು ಒಂದೂ ಇರಲಿಲ್ಲ.

ಅದೇ 1888ರಲ್ಲಿ, ಇದರಲ್ಲಿ ಸೇರದೆ ಉಳಿದ ಇಪ್ಪತ್ತು ಕ್ಲಬ್ಬುಗಳು ಕಾಂಬಿನೇಷನ್ ಎಂಬ ಮತ್ತೊಂದು ಕೂಟವನ್ನು ಕಟ್ಟಿದುವು. ಸಂಖ್ಯೆಯಲ್ಲಿ ಅದೇ ದೊಡ್ಡದು. ಆದರೆ ಯಾರು ಯಾರೊಡನೆ ಎಂದು ಆಡಬೇಕೆಂಬುದನ್ನು ಗೊತ್ತುಮಾಡುವ ಅಧಿಕಾರ ಯಾರಿಗೂ ಇರಲಿಲ್ಲ. 1889ರ ಏಪ್ರಿಲಿನಲ್ಲಿ, ಮೊದಲ ಋತುವೇ ಮುಗಿಯುವ ಮುನ್ನ, ಅದು ಮುಚ್ಚಿತು. ಆ ವರ್ಷವೇ ಅಲಯನ್ಸ್ ಎಂಬ ಮೂರನೆಯದು ಹುಟ್ಟಿತು. ಅದು ಕ್ರಮವಾಗಿ ನಡೆದು 1892ರಲ್ಲಿ ಹಿರಿಯ ಲೀಗಿನೊಳಗೆ ಎರಡನೆಯ ದರ್ಜೆಯಾಗಿ ಲೀನವಾಯಿತು. ಹಾಗೆಂದು ಹನ್ನೆರಡರಲ್ಲಿ ಎಲ್ಲರೂ ಚಿರಂಜೀವಿಗಳಾದರೆಂದಲ್ಲ. ಆಕ್ರಿಂಗ್ಟನ್ ಎಂಬ ಚಿಕ್ಕ ಊರಿನ ತಂಡವು 1893ರಲ್ಲಿ ಕೆಳದರ್ಜೆಗಿಳಿಯಲೊಪ್ಪದೆ ಹೊರಬಿದ್ದು 1896ರಲ್ಲಿ ನಾಮಾವಶೇಷವಾಯಿತು. ಅದರ ನೆರೆಯ ಬರ್ನ್‌ಲಿ, ಅದೂ ಗಿರಣಿಯ ಊರೇ, ಈಗಲೂ ಆಡುತ್ತಿದೆ.

ತಾರ್ಕಿಕರು ಕಾರಣವನ್ನು ಅನ್ವಯವ್ಯತಿರೇಕಗಳಿಂದ ಗೊತ್ತುಮಾಡುತ್ತಾರೆ. ಯಾವುದಿದ್ದರೆ ಕಾರ್ಯವುಂಟೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ, ಅದೇ ಕಾರಣ. ಮೇಲಣ ಉದಾಹರಣೆಗಳಲ್ಲಿ ಹಣವಿದ್ದೂ ಅಳಿದವುಂಟು, ಹಣವಿಲ್ಲದೆ ಉಳಿದವುಂಟು. ಉಳಿದವುಗಳಲ್ಲೆಲ್ಲ ಕಂಡುಬರುವುದು ಬೇರೆಯವರು ಆಕ್ರಮಿಸದ ಒಂದು ದಿನ, ತನ್ನದೆನ್ನಬಹುದಾದ ಒಂದು ಊರು, ತಪ್ಪಿದವನನ್ನು ದಂಡಿಸಬಲ್ಲ ಒಂದು ಅಧಿಕಾರ. ಈ ಮಾತು ನಮ್ಮ ದೇಶದಲ್ಲಿ ಎಷ್ಟು ನಿಲ್ಲುವುದೆಂದು ನೋಡೋಣ.

ಹಾಕಿಯಲ್ಲಿ ಪ್ರೀಮಿಯರ್ ಹಾಕಿ ಲೀಗು 2005ರಲ್ಲಿ ಹುಟ್ಟಿ 2008ಕ್ಕೆ ಮುಗಿಯಿತು. ವರ್ಲ್ಡ್ ಸೀರೀಸ್ ಹಾಕಿ 2012ರಲ್ಲಿ ಒಮ್ಮೆ ನಡೆದುದೇ ಸರಿ. ಹಾಕಿ ಇಂಡಿಯಾ ಲೀಗು 2013ರಿಂದ 2017ರವರೆಗೆ ನಡೆದು ನಿಂತು, ಏಳು ವರ್ಷ ನಿದ್ರಿಸಿ, 2024ರ ಡಿಸೆಂಬರಿನಲ್ಲಿ ಎಚ್ಚೆತ್ತಿತು. ಬ್ಯಾಡ್ಮಿಂಟನ್ನಿನಲ್ಲಿ 2013ರ ಲೀಗು ಮರುವರ್ಷ ನಡೆಯಲಿಲ್ಲ. ಹೆಸರು ಬದಲಿಸಿಕೊಂಡು 2016ರಲ್ಲಿ ಮರಳಿದುದು 2020ರ ಬಳಿಕ ಮತ್ತೆ ನಿಂತಿತು. ಆ ಕೊನೆಯ ಎರಡು ಸಲವೂ ಗೆದ್ದುದು ಬೆಂಗಳೂರಿನ ತಂಡ. ಗೆದ್ದವರ ಊರಿನಲ್ಲಿಯಾದರೂ ಅದರ ನೆನಪು ಎಷ್ಟು ಮಂದಿಗಿದೆಯೆಂದು ಕೇಳಿದರೆ ಸಾಕು. ಕುಸ್ತಿಯ ಲೀಗು 2015ರಲ್ಲಿ ಮೊದಲಾಗಿ 2019ರ ಬಳಿಕ ಹಲವು ವರ್ಷ ನಿಂತುಹೋಯಿತು. ಜಾತ್ರೆಯ ಕಣದಿಂದ ಮೇಲೆ ಬಂದ ಪೈಲವಾನರಿಗೆ ಅದೊಂದು ದಾರಿಯಾಗಬಹುದಿತ್ತು.

ಕಬಡ್ಡಿಯ ಸಂಗತಿ ಬೇರೆ. ಪ್ರೊ ಕಬಡ್ಡಿ ಲೀಗು 2014ರ ಜುಲೈ 26ರಂದು ಎಂಟು ತಂಡಗಳೊಡನೆ ಆರಂಭವಾಯಿತು. 2017ರಲ್ಲಿ ಅವು ಹನ್ನೆರಡಾದುವು. ಮಣ್ಣಿನ ಆಟವನ್ನು ಚಾಪೆಯ ಮೇಲೆ ತಂದು, ಒಂದು ದಾಳಿಗೆ ಮೂವತ್ತು ಸೆಕೆಂಡು ಎಂದು ಮಿತಿ ಹಾಕಿ, ಊಟದ ಹೊತ್ತಿಗೆ ದೂರದರ್ಶನದಲ್ಲಿ ತೋರಿಸಿದರು. ಪ್ರಸಾರ ಮಾಡುವ ಸಂಸ್ಥೆಯೇ ಅದರಲ್ಲಿ ದೊಡ್ಡ ಪಾಲುದಾರನಾಯಿತು. ಅದಕ್ಕಿಂತ ಮುಖ್ಯವಾಗಿ, ಆಗ ಆ ಆಟವನ್ನು ಹಾಗೆ ತೋರಿಸುವವರು ಬೇರಾರೂ ಇರಲಿಲ್ಲ, ಕ್ರಿಕೆಟಿನ ಐ.ಪಿ.ಎಲ್. ಮುಗಿದ ಮೇಲಣ ಮಳೆಗಾಲವು ಬರಿದಾಗಿದ್ದಿತು. ನಮ್ಮ ಕಡೆಯ ಯಾವ ಹಳ್ಳಿಯಲ್ಲಿ ಕಬಡ್ಡಿ ಗೊತ್ತಿಲ್ಲ? ಗೊತ್ತಿದ್ದ ಆಟಕ್ಕೆ ಗೊತ್ತಾದ ಹೊತ್ತು ದೊರೆಯಿತು. ಇದರ ಯಶಸ್ಸನ್ನು ಕಂಡು 2019ರ ಮೇ ತಿಂಗಳಲ್ಲಿ ಮತ್ತೊಂದು ಕಬಡ್ಡಿ ಲೀಗು ಹುಟ್ಟಿತು. ಪುಣೆ, ಮೈಸೂರು, ಬೆಂಗಳೂರುಗಳಲ್ಲಿ ಅದರ ಪಂದ್ಯಗಳಾದುವು. ಬೆಂಗಳೂರು ರೈನೋಸ್ ಗೆದ್ದಿತು. ಮರುವರ್ಷ ಅದು ನಡೆಯಲಿಲ್ಲ. ಆಟ ಒಂದೇ, ಆಟಗಾರರ ಬಲ ಬಹಳ ಕಡಿಮೆಯೇನಲ್ಲ. ಮೊದಲನೆಯವನು ಕುಳಿತ ಮಣೆಯ ಮೇಲೆ ಎರಡನೆಯವನು ಕೂಡಲು ಬಂದನು, ಅಷ್ಟೆ.

ಇನ್ನು ನಮ್ಮ ಊರಿನ ವಿಷಯ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐ.ಪಿ.ಎಲ್. ಮೊದಲಾಯಿತಷ್ಟೆ. ಅದರ ಬೆನ್ನಿಗೆ 2009ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯು ಕರ್ನಾಟಕ ಪ್ರೀಮಿಯರ್ ಲೀಗನ್ನು ಆರಂಭಿಸಿತು. ಎಂಟು ತಂಡಗಳಲ್ಲಿ ಒಂದರ ಹೆಸರು ಶಾಮನೂರು ದಾವಣಗೆರೆ ಡೈಮಂಡ್ಸ್. ಬೆಳಗಾವಿ, ಮೈಸೂರು, ಮಂಗಳೂರುಗಳ ಪಂಕ್ತಿಯಲ್ಲಿ ನಮ್ಮ ಊರಿನ ಹೆಸರು ಕೇಳಿಬಂದಾಗ ಇಲ್ಲಿ ಉಂಟಾದ ಸಂತೋಷವು ಸಹಜವಾದುದೇ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ವಿನಯ್ ಕುಮಾರರು 2010ರಲ್ಲಿ ಭಾರತ ತಂಡಕ್ಕೆ ಆಡಿದರು. 2012ರಲ್ಲಿ ಪರ್ತ್ ನಗರದಲ್ಲಿ ಟೆಸ್ಟ್ ಪಂದ್ಯವಾಡಿ, ಮುಂದೆ 2013–14 ಮತ್ತು 2014–15ರಲ್ಲಿ ಎರಡು ಸಲ ಬಿಡದೆ ಕರ್ನಾಟಕಕ್ಕೆ ರಣಜಿ ಪ್ರಶಸ್ತಿಯನ್ನು ತಂದ ನಾಯಕರಾದರು. ಎಂದಮೇಲೆ ಈ ನೆಲದಲ್ಲಿ ಸತ್ತ್ವವಿಲ್ಲವೆನ್ನುವಂತಿಲ್ಲ.

ಆದರೆ ದಾವಣಗೆರೆಯ ತಂಡವು ದಾವಣಗೆರೆಯಲ್ಲಿ ಆಡಲಿಲ್ಲ. ಹೆಸರು ಇಲ್ಲಿಯದು, ಪಂದ್ಯ ಬೆಂಗಳೂರಿನದು. ಇಲ್ಲಿಯ ಪ್ರೇಕ್ಷಕನಿಗೆ ಅದು ದೂರದರ್ಶನದ ಅನೇಕ ಚಿತ್ರಗಳಲ್ಲಿ ಒಂದು. ಬೆಂಗಳೂರಿನ ಪ್ರೇಕ್ಷಕನಿಗೆ ಅದು ಯಾರದೋ ಊರು. 2010ರ ಬಳಿಕ ಲೀಗು ನಿಂತಿತು. 2011, 2012, 2013 ಮೂರು ವರ್ಷವೂ ನಡೆಯಲಿಲ್ಲ. 2014ರಲ್ಲಿ ಮರಳಿ ಆರಂಭವಾದಾಗ ಹುಬ್ಬಳ್ಳಿ, ಬಳ್ಳಾರಿ, ಬಿಜಾಪುರಗಳಿದ್ದುವು, ದಾವಣಗೆರೆ ಇರಲಿಲ್ಲ. ವಜ್ರವು ಅತ್ಯಂತ ಕಠಿನವಾದ ವಸ್ತುವೆಂದು ಶಾಸ್ತ್ರಗಳೆಲ್ಲ ಹೇಳುತ್ತವೆ. ನಮ್ಮ ವಜ್ರಗಳು ಎರಡು ವರ್ಷಕ್ಕೆ ಕರಗಿದುವು. ಯಾರೂ ಅತ್ತದ್ದು ಕಾಣಲಿಲ್ಲ, ಅದೇ ವಿಚಾರಣೀಯವಾದ ಸಂಗತಿ. ಊರಿನ ಬೆಣ್ಣೆದೋಸೆಯ ಒಂದು ಹಳೆಯ ಹೋಟೆಲು ಮುಚ್ಚಿದರೆ ಇದಕ್ಕಿಂತ ಹೆಚ್ಚು ಮಾತು ನಡೆದೀತು.

ಮುಂದಿನ ಚರಿತ್ರೆ ಎಲ್ಲರಿಗೂ ತಿಳಿದದ್ದು. ಮೈಸೂರು, ಹುಬ್ಬಳ್ಳಿಗಳಿಗೂ ಪಂದ್ಯಗಳನ್ನು ಕೊಂಡೊಯ್ದು ಲೀಗು 2019ರವರೆಗೆ ಸಾಗಿತು. ಆ ವರ್ಷ ಹುಬ್ಬಳ್ಳಿ ಟೈಗರ್ಸ್ ಗೆದ್ದ ಸಂಭ್ರಮ ಆರುವ ಮೊದಲೇ ಬೆಂಗಳೂರಿನ ಪೊಲೀಸರು ಜೂಜು ಮತ್ತು ಕೃತ್ರಿಮ ಆಟದ ಆರೋಪದ ಮೇಲೆ ಆಟಗಾರರನ್ನೂ ಒಂದು ತಂಡದ ಮಾಲೀಕನನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು, ಪಂದ್ಯವನ್ನು ಕೃತ್ರಿಮವಾಗಿ ಆಡುವುದು ದಂಡಸಂಹಿತೆಯ 420ನೆಯ ಕಲಮಿನ ವಂಚನೆಯಾಗದೆಂದೂ, ಶಿಸ್ತಿನ ಕ್ರಮವನ್ನು ಕ್ರೀಡಾಸಂಸ್ಥೆಯೇ ಕೈಗೊಳ್ಳಬಹುದೆಂದೂ ಹೇಳಿ ಮೊಕದ್ದಮೆಯನ್ನು ರದ್ದುಪಡಿಸಿತು. ನ್ಯಾಯಶಾಸ್ತ್ರದ ದೃಷ್ಟಿಯಿಂದ ಅದು ಸರಿಯಿರಬಹುದು. ಟಿಕೆಟ್ ಕೊಂಡು ಕುಳಿತವನ ಮನಸ್ಸಿಗೆ ಅದರಿಂದ ಸಮಾಧಾನ ದೊರೆಯಿತೆಂದು ನಾನು ಹೇಳಲಾರೆ. ಕರ್ನಾಟಕ ಪ್ರೀಮಿಯರ್ ಲೀಗು ಮತ್ತೆ ಏಳಲಿಲ್ಲ. 2022ರಲ್ಲಿ ಮಹಾರಾಜಾ ಟ್ರೋಫಿ ಎಂಬ ಹೊಸ ಹೆಸರಿನಿಂದ ಆರು ತಂಡಗಳ ಕೂಟವು ಮೊದಲಾಯಿತು: ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಗುಲ್ಬರ್ಗ, ಶಿವಮೊಗ್ಗ. 2023, 2024ರಲ್ಲಿ ಎಲ್ಲವೂ ಬೆಂಗಳೂರಿನಲ್ಲಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜೀವಗಳು ಹೋದ ಮೇಲೆ ಆ ವರ್ಷದ ಪಂದ್ಯಗಳು ಮೈಸೂರಿನಲ್ಲಿ ನಡೆದುವು.

ನೆರೆಯ ತಮಿಳುನಾಡಿನವರು ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದರು. 2016ರಲ್ಲಿ ಆರಂಭಿಸಿದ ತಮ್ಮ ಲೀಗನ್ನು ಮೊದಲ ವರ್ಷವೇ ಚೆನ್ನೈಯಿಂದ ಹೊರಗೆ ತಂದು, ತಿರುನೆಲ್ವೇಲಿಯಲ್ಲಿಯೂ, ದಿಂಡಿಗಲ್ಲಿನ ಬಳಿಯ ನತ್ತಂ ಎಂಬಲ್ಲಿ ಒಂದು ಕಾಲೇಜಿನ ಮೈದಾನದಲ್ಲಿಯೂ ಆಡಿಸಿದರು. ಮುಂದೆ ಸೇಲಂ, ಕೊಯಮತ್ತೂರುಗಳೂ ಸೇರಿದುವು. ದಿಂಡಿಗಲ್ಲು ನಮ್ಮ ದಾವಣಗೆರೆಗಿಂತ ಚಿಕ್ಕ ಊರು. ಅದರ ತಂಡವು ಮೊದಲ ವರ್ಷದಿಂದಲೂ ಆಡುತ್ತ ಬಂದು 2024ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಮಹಾಮಾರಿಯ ದೆಸೆಯಿಂದ 2020ರಲ್ಲಿ ತಪ್ಪಿದುದನ್ನು ಬಿಟ್ಟರೆ ಆ ಲೀಗು 2025ರವರೆಗೂ ವರ್ಷವರ್ಷವೂ ನಡೆದಿದೆ. ಕ್ರಿಕೆಟ್ ಅದೇ, ಐ.ಪಿ.ಎಲ್.ನ ನೆರಳೂ ಅದೇ. ವ್ಯತಿರೇಕಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಲ್ಲೊಂದು ಪೂರ್ವಪಕ್ಷವನ್ನು ಎದುರಿಸಬೇಕು. ಊರು, ಅಭಿಮಾನ ಮುಂತಾದುವೆಲ್ಲ ಹಳೆಯ ಕಾಲದ ಮಾತು, ಐ.ಪಿ.ಎಲ್.ನ ಐದು ವರ್ಷಗಳ ಪ್ರಸಾರದ ಹಕ್ಕು, 2023ರಿಂದ 2027ರವರೆಗಿನದು, 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಅಷ್ಟು ಹಣ ಸುರಿದರೆ ಯಾವ ಲೀಗು ತಾನೆ ನಿಲ್ಲದು? — ಎಂದು ಕೆಲವರು ಕೇಳುತ್ತಾರೆ. ಹಣವು ಆಯುಸ್ಸಿನ ಫಲವೋ ಕಾರಣವೋ ಎಂಬುದನ್ನು ಇವರು ವಿಚಾರಿಸಿದಂತಿಲ್ಲ. ಅಮೆರಿಕದಲ್ಲಿ 1983ರಲ್ಲಿ ಹಣವಂತರು ಸೇರಿ ಅಲ್ಲಿಯ ಕಾಲ್ಚೆಂಡಿಗೆ ಎರಡನೆಯ ಲೀಗೊಂದನ್ನು ಕಟ್ಟಿದರು. ಹಳೆಯ ಲೀಗು ಆಡದ ವಸಂತಕಾಲದಲ್ಲಿ ಆಡಿದ ಮೂರು ವರ್ಷವೂ ಅದಕ್ಕೆ ಪ್ರೇಕ್ಷಕರಿದ್ದರು. ಆಮೇಲೆ ಲೋಭ ಹುಟ್ಟಿ, ಹಳೆಯ ಲೀಗಿನ ಶರತ್ಕಾಲಕ್ಕೇ ತಾವೂ ಹೋಗುವೆವೆಂದು ತೀರ್ಮಾನಿಸಿ, ನ್ಯಾಯಾಲಯವನ್ನೂ ಹತ್ತಿದರು. 1986ರಲ್ಲಿ ಪಂಚರು ಇವರ ವಾದವನ್ನು ಒಪ್ಪಿ ಕೊಡಿಸಿದ ನಷ್ಟ ಪರಿಹಾರ ಒಂದು ಡಾಲರು. ಕಾನೂನಿನಂತೆ ಅದು ಮೂರರಷ್ಟಾಗಿ ಮೂರು ಡಾಲರು! ಶರತ್ಕಾಲದ ಆಟ ನಡೆಯಲೇ ಇಲ್ಲ. ನಮ್ಮಲ್ಲಿ 2007ರಲ್ಲಿ ಹುಟ್ಟಿದ ಇಂಡಿಯನ್ ಕ್ರಿಕೆಟ್ ಲೀಗಿನ ಹಿಂದೆಯೂ ದೂರದರ್ಶನದ ದೊಡ್ಡ ಧಣಿಯಿದ್ದನು. ಮಂಡಲಿಯು ಬಾಗಿಲು ಮುಚ್ಚಿ ತನ್ನದೇ ಲೀಗನ್ನು ತೆರೆದಾಗ 2009ಕ್ಕೆ ಅದು ಮುಗಿಯಿತು. ಕಾಲ್ಚೆಂಡಿನ ಇಂಡಿಯನ್ ಸೂಪರ್ ಲೀಗು 2014ರಿಂದ ಹತ್ತು ವರ್ಷಕ್ಕೂ ಮೀರಿ ವೈಭವದಿಂದ ನಡೆದುದು. ಒಕ್ಕೂಟದೊಡನೆ ಮಾಡಿಕೊಂಡ ಒಪ್ಪಂದವು ತೀರುತ್ತ ಬಂದುದರಿಂದ 2025ರ ಜುಲೈಯಲ್ಲಿ ಹೊಸ ಋತುವನ್ನು ತಡೆಹಿಡಿದರು; ಆಗಸ್ಟಿನಲ್ಲಿ ಬೆಂಗಳೂರಿನ ಕ್ಲಬ್ಬು ಆಟಗಾರರ ಸಂಬಳವನ್ನು ನಿಲ್ಲಿಸಿತು. 2018–19ರಲ್ಲಿ ಆ ಲೀಗನ್ನೇ ಗೆದ್ದಿದ್ದ ಕ್ಲಬ್ಬು ಅದು.

ಸಂಬಳ ನಿಂತಿತೆಂಬ ಮಾತನ್ನು ನಾವು ಸುಮ್ಮನೆ ಓದಿ ಬಿಡುವಂತಿಲ್ಲ. ಉಪಾಧ್ಯಾಯವೃತ್ತಿಯಲ್ಲಿದ್ದವರೆಲ್ಲರಿಗೂ ಪರಿಚಿತವಾದ ಪ್ರಶ್ನೆಯೊಂದುಂಟು: ಹುಡುಗನು ಆಟದಲ್ಲಿ ಮುಂದಿದ್ದಾನೆ, ಓದು ಬಿಡಿಸಿ ತರಬೇತಿಗೆ ಕಳುಹಿಸೋಣವೇ, ಎಂದು ತಂದೆತಾಯಿಗಳು ಬಂದು ಕೇಳುತ್ತಾರೆ. ಹೊಸದೊಂದು ಲೀಗು ಹುಟ್ಟಿದಾಗಲೆಲ್ಲ ಕೇಳುವವರ ಸಂಖ್ಯೆ ಏರುತ್ತದೆ. ತಂಡ ಕೊಂಡ ಧಣಿಗೆ ಮೂರು ವರ್ಷದ ನಷ್ಟವು ಲೆಕ್ಕದ ಪುಸ್ತಕದ ಒಂದು ಪುಟ. ಹದಿನೆಂಟರ ಹುಡುಗನಿಗೆ ಅದೇ ಮೂರು ವರ್ಷ ಮರಳಿ ಬಾರದ ವಯಸ್ಸು. ನನ್ನ ಮತವಿಷ್ಟೆ: ಲೀಗಿನ ಹೆಸರನ್ನು ನೋಡಿ ಉತ್ತರ ಹೇಳಬಾರದು, ಅದು ತನ್ನ ಊರಿನಲ್ಲಿ ಐದು ವರ್ಷ ಬಿಡದೆ ಆಡಿದೆಯೇ ಎಂದು ಕೇಳಬೇಕು. ಇಷ್ಟು ಸಣ್ಣ ಪರೀಕ್ಷೆಯಲ್ಲಿ ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ತೇರ್ಗಡೆಯಾಗುವುದಿಲ್ಲ.

ಹಾಗಾದರೆ ದಾವಣಗೆರೆಯಂಥ ಊರಿಗೆ ಲೀಗಿನ ಯೋಗವೇ ಇಲ್ಲವೇ? ಉಂಟು, ಈಗಾಗಲೇ ಇದೆ; ಅದಕ್ಕೆ ಯಾರೂ ಆ ಹೆಸರಿನ ಗೌರವವನ್ನು ಕೊಡುತ್ತಿಲ್ಲ. 1933ರಲ್ಲಿ ಸ್ಥಾಪಿತವಾದ ರಾಜ್ಯ ಕ್ರಿಕೆಟ್ ಸಂಸ್ಥೆಯು ನಾಡನ್ನು ವಲಯಗಳಾಗಿ ವಿಭಾಗಿಸಿದೆ. ನಾವು ತುಮಕೂರು ವಲಯಕ್ಕೆ ಸೇರಿದವರು. ಅಲ್ಲಿ ದರ್ಜೆದರ್ಜೆಯ ಲೀಗು ಪಂದ್ಯಗಳು ದೀಪಾಲಂಕಾರವಿಲ್ಲದೆ, ಪ್ರಸಾರವಿಲ್ಲದೆ ನಡೆಯುತ್ತವೆ. ಸಂಬಳವಿಲ್ಲದುದರಿಂದ ದಿವಾಳಿಯೂ ಇಲ್ಲ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಚೆಂಡಿನ ಪಂದ್ಯಾವಳಿಗೆ ನೆರೆಯುವ ಜನವನ್ನು ನೋಡಿದವರು, ಈ ಊರಿನಲ್ಲಿ ಪ್ರೇಕ್ಷಕರಿಗೆ ಬರವಿದೆಯೆಂದು ಹೇಳಲಾರರು.

ಮೆಕ್‌ಗ್ರೆಗರನ ಹನ್ನೆರಡು ಊರುಗಳ ನಕ್ಷೆಯನ್ನು ಮುಂದಿಟ್ಟುಕೊಂಡು ನಮ್ಮ ಸೀಮೆಯನ್ನು ನೋಡಿದರೆ ಸಾದೃಶ್ಯ ಬೆರಗುಗೊಳಿಸುತ್ತದೆ. ದಾವಣಗೆರೆಯು ಹತ್ತಿಯ ಗಿರಣಿಗಳ ಊರಾಗಿದ್ದಿತು. ಹರಿಹರವು 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಯಂತ್ರ ಕಾರ್ಖಾನೆಯಿಂದ ಬೆಳೆದ ಊರು. ಗಿರಣಿಗಳು ಬಹುಮಟ್ಟಿಗೆ ಮುಚ್ಚಿದುವು, ಕಿರ್ಲೋಸ್ಕರವೂ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಆದರೆ ಊರುಗಳ ನಡುವಣ ದಾರಿ, ರೈಲು, ಪರಸ್ಪರ ಸ್ಪರ್ಧೆಯ ಬುದ್ಧಿ ಇವು ಹೋಗಲಿಲ್ಲ. ಎರಡಕ್ಕೂ ನಡುವೆ ಇರುವುದು ಸುಮಾರು ಹದಿನಾಲ್ಕು ಕಿಲೋಮೀಟರು. ಮಧ್ಯಾಹ್ನ ಊಟ ಮಾಡಿ ಹೊರಟವನು ಆಟ ನೋಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಬಹುದು. ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು. 1956ಕ್ಕೆ ಮುಂಚೆ ಆ ಹೊಳೆಯೇ ಮೈಸೂರಿಗೂ ಮುಂಬಯಿ ಪ್ರಾಂತಕ್ಕೂ ಗಡಿಯಾಗಿದ್ದಿತು. ಅಂದು ಹರಿಹರಕ್ಕೂ ರಾಣೆಬೆನ್ನೂರಿಗೂ ಪಂದ್ಯವಾಗಿದ್ದರೆ ಅದನ್ನು ಪರರಾಜ್ಯದ ಯುದ್ಧವೆಂದೇ ಎಣಿಸಬೇಕಾಗುತ್ತಿದ್ದಿತು. ದಕ್ಷಿಣಕ್ಕೆ ಚಿತ್ರದುರ್ಗ, 1997ರಲ್ಲಿ ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದಾಗಿನಿಂದ ಆ ಊರಿಗೂ ನಮಗೂ ಸೋದರರ ಪಾಲಿನ ಸಣ್ಣ ಮುನಿಸೊಂದು ಉಳಿದಿರುವುದೂ ಆಟಕ್ಕೆ ಒಳ್ಳೆಯದೇ.

ಈ ನಾಲ್ಕು ಊರುಗಳೊಳಗೆ ಕಬಡ್ಡಿಯೋ ಕುಸ್ತಿಯೋ ಕ್ರಿಕೆಟೋ ಯಾವುದಾದರೊಂದು, ಐ.ಪಿ.ಎಲ್. ಮುಗಿದು ಮಳೆ ನಿಂತ ಮೇಲೆ, ಕೊಯ್ಲಿನ ಕೆಲಸಕ್ಕೆ ಅಡ್ಡಬಾರದ ಎಂಟು ಭಾನುವಾರಗಳಲ್ಲಿ, ಪ್ರತಿ ಊರಿನ ಸ್ವಂತ ಮೈದಾನದಲ್ಲಿ ನಡೆಯುವುದಾದರೆ ಅದಕ್ಕೆ ಕೋಟಿಗಳು ಬೇಕಾಗುವುದಿಲ್ಲ. ಬೇಕಾದುದು ಬರೆದ ದಿನದಂದು ಪಂದ್ಯವನ್ನು ಆಡಿಸುವ ಕಾರ್ಯದರ್ಶಿಯೊಬ್ಬನು, ಬಾರದ ತಂಡವನ್ನು, ಅದು ದಾವಣಗೆರೆಯದೇ ಆದರೂ, ಹಲ್ಬರ್ಟನಂತೆ ಹೊರಗಿಡಬಲ್ಲ ಸಮಿತಿಯೊಂದು. ಎಂಟನೆಯ ಭಾನುವಾರ ಎಷ್ಟು ಜನ ಬಂದರೆಂದು ಬಾಗಿಲಲ್ಲಿ ಎಣಿಸಿ ಬರೆದಿಡತಕ್ಕದ್ದು. ಆ ಸಂಖ್ಯೆಯು ಮೊದಲನೆಯ ಭಾನುವಾರದ ಸಂಖ್ಯೆಗಿಂತ ಕಡಿಮೆಯಿಲ್ಲದಿದ್ದರೆ, ಆಟಗಾರರಿಗೆ ದಿನಭತ್ಯವನ್ನು ಕೊಡುವ ಮಾತನ್ನು ಎರಡನೆಯ ವರ್ಷಕ್ಕೆ ಎತ್ತಿಕೊಳ್ಳಬಹುದು.